ಮೊಲ ದಾಟಿದ ಮೇಲೆ ಎದ್ದ ಬೇಲಿ

1902ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸರ್ಕಾರಕ್ಕೆ ಬೇಡದ ಸುದ್ದಿಯೊಂದು ಬಂತು. ಪೂರ್ವದಿಂದ ನುಗ್ಗಿ ಬರುತ್ತಿದ್ದ ಮೊಲಗಳನ್ನು ತಡೆಯಲೆಂದು ಹಿಂದಿನ ವರ್ಷವಷ್ಟೇ ಬೇಲಿಯ ಕೆಲಸ ಶುರುವಾಗಿತ್ತು. ಆ ಬೇಲಿಯ ಪಶ್ಚಿಮಕ್ಕೆ, ಯಾವ ಕಡೆ ಒಂದೇ ಒಂದು ಮೊಲವೂ ಇರಬಾರದೋ ಆ ಕಡೆಯೇ, ಮೊಲ ಕಾಣಿಸಿಕೊಂಡಿತ್ತು. ಬೇಲಿ ಮುಗಿಯಲು ಇನ್ನೂ ಐದು ವರ್ಷ ಬಾಕಿ. ಬೇರೆ ಯಾರಾದರೂ ಆಗಿದ್ದರೆ ಗುದ್ದಲಿ ಕೆಳಗಿಟ್ಟು ಯೋಚಿಸುತ್ತಿದ್ದರು. ಸರ್ಕಾರ ಮೊದಲನೆಯ ಬೇಲಿಯನ್ನೂ ಮುಂದುವರಿಸಿತು, ಅದರ ಹಿಂದೆ ಎರಡನೆಯದಕ್ಕೂ ಗೆರೆ ಎಳೆಯಿತು, ಅದು ಸಾಲದೆಂದು ಮೂರನೆಯದನ್ನೂ ಹಾಕಿತು. ಮೂರೂ ಸೇರಿ 3,256 ಕಿಲೋಮೀಟರ್.

ಇಷ್ಟಕ್ಕೆಲ್ಲ ಮೂಲ ಒಬ್ಬ ಶ್ರೀಮಂತನ ಬೇಟೆಯ ಖಯಾಲಿ. ಮೊಲ ಆಸ್ಟ್ರೇಲಿಯಾಕ್ಕೆ ಬಂದದ್ದು 1788ರಲ್ಲಿ, ಬ್ರಿಟನ್ನಿನ ಕೈದಿಗಳನ್ನು ಹೊತ್ತು ತಂದ ಮೊದಲ ಹಡಗುಗಳ ಜೊತೆಯಲ್ಲೇ. ಆದರೆ ಅವು ಗೂಡಿನಲ್ಲಿ ಸಾಕುವ ಸಾಧು ಮೊಲಗಳು, ಅಲ್ಲಲ್ಲೇ ಉಳಿದವು. ವಿಕ್ಟೋರಿಯಾ ವಸಾಹತಿನ ವಿಂಚೆಲ್ಸಿ ಊರಿನ ಬಳಿ ಬಾರ್ವನ್ ಪಾರ್ಕ್ ಎಂಬ ದೊಡ್ಡ ಜಮೀನಿತ್ತು. ಅದರ ಒಡೆಯ ಥಾಮಸ್ ಆಸ್ಟಿನ್‌ಗೆ ಇಂಗ್ಲೆಂಡಿನ ಹಾಗೆ ಇಲ್ಲಿಯೂ ಬೆಳಗಾಗೆದ್ದು ಬಂದೂಕು ಹಿಡಿದು ಹೊರಡಬೇಕೆಂಬ ಆಸೆ. ಇಂಗ್ಲೆಂಡಿನಲ್ಲಿದ್ದ ಬಂಧುಗಳಿಂದ ಮೊಲ ತರಿಸಿದ. 1859ರ ಕ್ರಿಸ್‌ಮಸ್ ದಿನ ‘ಲೈಟ್ನಿಂಗ್’ ಎಂಬ ಹಡಗಿನಲ್ಲಿ ಅವು ಮೆಲ್ಬರ್ನ್ ಬಂದರಿಗೆ ಬಂದಿಳಿದವು. ಸುಮಾರು 24 ಮೊಲ. ಎಂಟು ವರ್ಷದ ಮೇಲೆ, 1867ರಲ್ಲಿ, ವಿಕ್ಟೋರಿಯಾ ರಾಣಿಯ ಮಗ ರಾಜಕುಮಾರ ಆಲ್ಫ್ರೆಡ್ ಬಾರ್ವನ್ ಪಾರ್ಕಿಗೇ ಬಂದು ಮೊಲದ ಬೇಟೆ ಆಡಿ ಹೋದ. ಆಸ್ಟಿನ್‌ಗೆ ಅದು ಜನ್ಮ ಸಾರ್ಥಕವಾದ ದಿನ. ನೆರೆಹೊರೆಯ ಕುರಿಗಾರರ ಹುಲ್ಲುಗಾವಲು ಅಷ್ಟರಲ್ಲೇ ಬೋಳಾಗತೊಡಗಿತ್ತು.

ಇಂದು ಆ ಖಂಡದಲ್ಲಿರುವ ಬಹುಪಾಲು ಕಾಡುಮೊಲಗಳ ವಂಶ ಈ ಒಂದೇ ಹಡಗಿನ ಸರಕಿಗೆ ಹೋಗಿ ಮುಟ್ಟುತ್ತದೆ ಎಂದು 2022ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಅಧ್ಯಯನವೊಂದು ತೋರಿಸಿತು. ಅದಕ್ಕೂ ಮುಂಚೆ ಎಷ್ಟೋ ಸಲ ಮೊಲ ತಂದು ಬಿಟ್ಟಿದ್ದರೂ ಅವು ಹರಡಿರಲಿಲ್ಲ. ಆಸ್ಟಿನ್ ತರಿಸಿದವುಗಳಲ್ಲಿ ಕಾಡುಮೊಲದ ರಕ್ತವಿತ್ತು. ಅವು ಬಿಲ ತೋಡಬಲ್ಲವು, ಬರ ತಾಳಬಲ್ಲವು, ಬೇಟೆಗೆ ಬಂದವರ ಕಣ್ಣು ತಪ್ಪಿಸಬಲ್ಲವು.

ಹೆಣ್ಣು ಮೊಲ ಒಂದು ತಿಂಗಳಿಗೆಲ್ಲ ಮರಿ ಹಾಕುತ್ತದೆ, ಹಾಕಿದ ಬೆನ್ನಿಗೇ ಮತ್ತೆ ಗಬ್ಬವಾಗಬಲ್ಲದು. ಮರಿ ನಾಲ್ಕೈದು ತಿಂಗಳಲ್ಲಿ ತಾನೇ ತಾಯಿಯಾಗಲು ಸಿದ್ಧ. ಇಂಗ್ಲೆಂಡಿನ ಚಳಿ, ನರಿ ಮತ್ತಿತರ ಬೇಟೆಗಾರ ಪ್ರಾಣಿಗಳು ಅದರ ಸಂಖ್ಯೆಯನ್ನು ಹತೋಟಿಯಲ್ಲಿಟ್ಟಿದ್ದವು. ಇಲ್ಲಿ ಚಳಿ ಸಣ್ಣದು, ಹುಲ್ಲುಗಾವಲಿಗೆ ಕೊನೆಯೇ ಇಲ್ಲ. 1880ರ ಹೊತ್ತಿಗೆ ಮೊಲ ಮರ್ರೆ ನದಿ ದಾಟಿ ನ್ಯೂ ಸೌತ್ ವೇಲ್ಸ್ ಹೊಕ್ಕಿತ್ತು, ಇನ್ನಾರು ವರ್ಷಕ್ಕೆ ಕ್ವೀನ್ಸ್‌ಲೆಂಡಿನ ಗಡಿ. ಹುಲ್ಲು ಮುಗಿದರೆ ಬೇರು, ಬೇರು ಮುಗಿದರೆ ಎಳೆ ಮರದ ತೊಗಟೆ. ಕುರಿಯ ಹಿಂಡನ್ನು ಬಿಟ್ಟು ಎದ್ದು ಹೋದ ಮನೆತನಗಳೂ ಇದ್ದವು.

ನ್ಯೂ ಸೌತ್ ವೇಲ್ಸ್ ಸರ್ಕಾರ 1887ರಲ್ಲಿ 25,000 ಪೌಂಡ್ ಬಹುಮಾನ ಸಾರಿತು: ಮೊಲವನ್ನು ಖಚಿತವಾಗಿ ನಿರ್ನಾಮ ಮಾಡುವ ಉಪಾಯ ಹೇಳಿದವರಿಗೆ. ಪ್ಯಾರಿಸ್ಸಿನಲ್ಲಿ ಕೂತು ಇದನ್ನು ಓದಿದ ಲೂಯಿ ಪಾಶ್ಚರ್‌ಗೆ ಆಗ ತನ್ನ ಹೊಸ ಸಂಸ್ಥೆಗೆ ದುಡ್ಡು ಬೇಕಿತ್ತು. ಕೋಳಿಯ ಕಾಲರಾ ರೋಗಾಣುವನ್ನು ಮೇವಿಗೆ ಬೆರೆಸಿದರೆ ಮೊಲ ಸಾಯುತ್ತದೆಂದು ಅವನಿಗೆ ಗೊತ್ತು. ರ್‍ಹೇಮ್ಸ್ ಊರಿನಲ್ಲಿ ಷಾಂಪೇನ್ ಮಾಡುವ ಪೊಮರಿ ಮನೆತನದ ಜಮೀನಿನಲ್ಲಿ ಪರೀಕ್ಷೆಯನ್ನೂ ಮಾಡಿ ನೋಡಿಯಾಗಿತ್ತು. 1888ರಲ್ಲಿ ತನ್ನ ಹೆಂಡತಿಯ ಕಡೆಯ ಸಂಬಂಧಿ, ತರುಣ ವಿಜ್ಞಾನಿ ಆಡ್ರಿಯನ್ ಲ್ವಾರ್‌ನನ್ನು ರೋಗಾಣುವಿನ ಸಮೇತ ಸಿಡ್ನಿಗೆ ಕಳಿಸಿದ. ಸಿಡ್ನಿ ಬಂದರಿನ ರಾಡ್ ದ್ವೀಪದಲ್ಲಿ ಪ್ರಯೋಗ ನಡೆಯಿತು. ರೋಗಾಣು ತಿಂದ ಮೊಲ ಸತ್ತಿತು, ಆದರೆ ಅದರಿಂದ ಪಕ್ಕದ ಮೊಲಕ್ಕೆ ರೋಗ ಬೇಕಾದಷ್ಟು ಅಂಟಲಿಲ್ಲ. ಸಾಲದ್ದಕ್ಕೆ ಊರಿನ ಕೋಳಿಗಳ ಗತಿಯೇನು ಎಂಬ ಭಯ. ಬಹುಮಾನ ಯಾರಿಗೂ ಸಿಗಲಿಲ್ಲ. ರೋಗವನ್ನೇ ಆಯುಧ ಮಾಡುವ ವಿಚಾರ ಮತ್ತೆ ಕೈಗೂಡಲು ಅರವತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಉಳಿದದ್ದು ವಿಷ, ಬೋನು, ಬಂದೂಕು, ಮತ್ತು ಬೇಲಿ.

ಬೇಲಿಗೆ ಒಂದು ರಾಜಕೀಯ ಗುಣವಿದೆ. ಅದು ಕಣ್ಣಿಗೆ ಕಾಣುತ್ತದೆ. ಬಿಲ ಅಗೆದು ಮುಚ್ಚಿಸಿದ ಮಂತ್ರಿಗೆ ತೋರಿಸಲು ಏನೂ ಇರುವುದಿಲ್ಲ, ಬೇಲಿ ಹಾಕಿಸಿದವನು ಕಂಬ ಎಣಿಸಿ ತೋರಿಸಬಹುದು. ಪಶ್ಚಿಮ ಆಸ್ಟ್ರೇಲಿಯಾಕ್ಕೆ ಎಚ್ಚರಿಕೆ ಮುಂಚೆಯೇ ಸಿಕ್ಕಿತ್ತು. ನಡುವೆ ನಲ್ಲಾರ್ಬೋರ್ ಎಂಬ ಮರವಿಲ್ಲದ, ನೀರಿಲ್ಲದ ಬಯಲಿದೆ, ಅದನ್ನು ಮೊಲ ದಾಟಲಾರದು ಎಂದು ಅಲ್ಲಿನವರು ನಂಬಿ ಕೂತಿದ್ದರು. 1894ರ ಹೊತ್ತಿಗೆ ದಾಟಿಯೇಬಿಟ್ಟಿತು. 1896ರಲ್ಲಿ ಗಡಿಯ ಯೂಕ್ಲಾ ಕಡೆಗೆ ಕಳಿಸಿದ ಸರ್ವೇಯರ್ ಆರ್ಥರ್ ಮೇಸನ್, ಮೊಲ ಬಂದಿರುವುದು ನಿಜ, ಬೇಲಿ ಬೇಕು ಎಂದು ವರದಿ ಕೊಟ್ಟ. ವರದಿ ಕಡತ ಸೇರಿತು. ಐದು ವರ್ಷ ಕಳೆದು 1901ರಲ್ಲಿ ರಾಯಲ್ ಕಮಿಷನ್ ಕೂತು ಅದನ್ನೇ ಮತ್ತೆ ಹೇಳಿದಾಗ ಕೆಲಸಕ್ಕೆ ಚಾಲನೆ ಸಿಕ್ಕಿತು. ನನ್ನ ಮಟ್ಟಿಗೆ ಈ ಬೇಲಿ ಸೋತದ್ದು ಕಂಬದಲ್ಲೂ ಅಲ್ಲ, ತಂತಿಯಲ್ಲೂ ಅಲ್ಲ, ಆ ಐದು ವರ್ಷದಲ್ಲಿ.

ಒಂದನೇ ನಂಬರ್ ಬೇಲಿ ದಕ್ಷಿಣದ ಕಡಲ ತೀರದ ಸ್ಟಾರ್ವೇಷನ್ ಹಾರ್ಬರ್‌ನಿಂದ ಉತ್ತರದ ಕೇಪ್ ಕೆರಾಡ್ರನ್‌ವರೆಗೆ ಇಡೀ ರಾಜ್ಯವನ್ನು ಸೀಳಿಕೊಂಡು ಹೋಯಿತು. ಉದ್ದ 1,833 ಕಿಲೋಮೀಟರ್. ಬೆಂಗಳೂರಿನಿಂದ ದಿಲ್ಲಿಗೆ ವಿಮಾನ ಹಾರುವ ದೂರಕ್ಕಿಂತ ಹೆಚ್ಚು. ಎಡೆಬಿಡದ ಒಂದೇ ಬೇಲಿಯಾಗಿ ಆ ಕಾಲಕ್ಕೆ ಜಗತ್ತಿನಲ್ಲೇ ಉದ್ದದ್ದು ಎಂದು ಹೇಳಿಕೊಳ್ಳುತ್ತಿದ್ದರು. ಗೆರೆ ಗುರುತು ಮಾಡಿದವನು ಸರ್ವೇಯರ್ ಆಲ್ಫ್ರೆಡ್ ಕ್ಯಾನಿಂಗ್. ಮುಂದೆ ಮರುಭೂಮಿಯ ನಡುವೆ ದನ ಹೊಡೆದುಕೊಂಡು ಹೋಗುವ ದಾರಿಗೆ ಇವನ ಹೆಸರೇ ಉಳಿಯಿತು. ಕಂಟ್ರಾಕ್ಟುದಾರರು ಮೊದಲು ಹಿಡಿದ ಕೆಲಸ ಆಮೆಯ ನಡಿಗೆಯಲ್ಲಿ ಸಾಗಿದ್ದರಿಂದ 1904ರಲ್ಲಿ ಲೋಕೋಪಯೋಗಿ ಇಲಾಖೆಯೇ ವಹಿಸಿಕೊಂಡಿತು. ಇಲಾಖೆಯ ರಿಚರ್ಡ್ ಆಂಕೆಟಲ್‌ನ ಕೈಯಲ್ಲಿ 120 ಆಳು, 350 ಒಂಟೆ, 210 ಕುದುರೆ, 41 ಕತ್ತೆ.

ಕಂಬ ನೆಡುವುದು ಹನ್ನೆರಡು ಅಡಿಗೊಂದು. ಅದಕ್ಕೆ ಅಡ್ಡಡ್ಡ ಮೂರು ಸಾದಾ ತಂತಿ, ಅವುಗಳ ಮೇಲೆ ಸಣ್ಣ ಕಣ್ಣಿನ ತಂತಿ ಬಲೆ. ಮೊಲ ಕೆಳಗಿನಿಂದ ತೋಡುವ ಪ್ರಾಣಿಯಾದ್ದರಿಂದ ಉದ್ದಕ್ಕೂ ಕಾಲುವೆ ತೆಗೆದು ಬಲೆಯನ್ನು ಆರು ಅಂಗುಲ ನೆಲದೊಳಗೆ ಹೂಳಬೇಕು. ತಂತಿಯೆಲ್ಲ ಹಡಗಿನಲ್ಲಿ ಬರಬೇಕು, ಬಂದರಿನಿಂದ ರೈಲಿನಲ್ಲಿ, ರೈಲು ಮುಗಿದಲ್ಲಿಂದ ಒಂಟೆ ಕತ್ತೆಗಳ ಬೆನ್ನಿನ ಮೇಲೆ. ಮರ ಮಾತ್ರ ಸ್ಥಳೀಯ. ಸಾಮನ್ ಗಮ್, ಗಿಮ್ಲೆಟ್ ಎಂಬ ಮರಗಳು ಹತ್ತಿರದಲ್ಲೇ ಧಾರಾಳ ಸಿಗುತ್ತಿದ್ದವು. ನೆಟ್ಟ ಮೇಲೆ ಗೊತ್ತಾಯಿತು, ಗೆದ್ದಲಿಗೂ ಅವೇ ಇಷ್ಟ ಎಂದು. ಕಿತ್ತು ಬೇರೆ ಮರದ್ದು ನೆಡಬೇಕಾಯಿತು. ಮರವೇ ಇಲ್ಲದ ಕಡೆ ಕಬ್ಬಿಣದ ಕಂಬ. ಉತ್ತರಕ್ಕೆ ಹೋದಂತೆ ಬಿಸಿಲು, ಮರಳು, ಉಪ್ಪು ನೆಲ. ನೀರು ಸಿಗದ ಕಡೆ ಅದನ್ನೂ ಹೊತ್ತು ತರಬೇಕು. 1907ರಲ್ಲಿ ಎಲ್ಲ ಮುಗಿಯುವ ಹೊತ್ತಿಗೆ ಮೂರೂ ಬೇಲಿಗೆ ಮೂರು ಲಕ್ಷ ಪೌಂಡಿಗೂ ಮೀರಿ ಖರ್ಚಾಗಿತ್ತು.

ಈ ಒಂಟೆಗಳ ವಿಷಯ ಸ್ವಲ್ಪ ಹೇಳಬೇಕು. ಆಸ್ಟ್ರೇಲಿಯಾಕ್ಕೆ ಒಂಟೆಗಳು ಹೆಚ್ಚಾಗಿ ಬಂದದ್ದು ಆಗಿನ ಬ್ರಿಟಿಷ್ ಇಂಡಿಯಾದ ಕರಾಚಿ ಬಂದರಿನಿಂದ. ಜೊತೆಗೆ ಬಂದ ಒಂಟೆಯಾಳುಗಳಲ್ಲಿ ಪಂಜಾಬಿನವರು, ಸಿಂಧಿನವರು, ಬಲೂಚಿಗಳು, ಪಠಾಣರು ಎಲ್ಲ ಇದ್ದರು. ಬಿಳಿಯರ ಬಾಯಲ್ಲಿ ಎಲ್ಲರೂ ‘ಅಫ್ಘಾನರು’. ಒಳನಾಡಿನ ಗಣಿ, ತಂತಿ ಕಂಬ, ರೈಲು ಹಳಿ ಯಾವುದಕ್ಕೂ ಸಾಮಾನು ಸಾಗಿಸಿದ್ದು ಈ ಒಂಟೆಗಳೇ. ಬೇಲಿಯ ಕೆಲಸ ಶುರುವಾದ 1901ರಲ್ಲೇ, ಹೊಸದಾಗಿ ಒಕ್ಕೂಟವಾದ ಆಸ್ಟ್ರೇಲಿಯಾ ವಲಸೆ ನಿರ್ಬಂಧ ಕಾಯ್ದೆಯನ್ನು ತಂದಿತು. ಬಿಳಿಯರಲ್ಲದವರು ಒಳಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಹಳಬರಿಗೂ ಊರಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಕಷ್ಟ, ಪೌರತ್ವ ಇಲ್ಲ. ಅವರ ಒಂಟೆಗಳು ಬೇಡವಾಗಲಿಲ್ಲ. ಮುಂದೆ ಲಾರಿ ಬಂದಾಗ ಅವೂ ಬೇಡವಾಗಿ, ಕಾಡಿಗೆ ಬಿಟ್ಟವು ಬೆಳೆದು ಇವತ್ತು ಅಲ್ಲಿ ಒಂಟೆಯೇ ಒಂದು ಪಿಡುಗು.

ಬೇಲಿ ಕಟ್ಟುವುದು ಆರು ವರ್ಷದ ಕೆಲಸ, ಕಾಯುವುದು ಮುಗಿಯದ ಕೆಲಸ. ಮೊಲಗಳ ಮುಖ್ಯ ಇನ್‌ಸ್ಪೆಕ್ಟರ್ ಎಂಬ ಹುದ್ದೆಯಲ್ಲಿದ್ದ ಅಲೆಗ್ಸಾಂಡರ್ ಕ್ರಾಫರ್ಡ್ 1922ರವರೆಗೆ ಇದರ ಉಸ್ತುವಾರಿ ನೋಡಿಕೊಂಡ. ಅವನ ಕೈಕೆಳಗೆ ಬೌಂಡರಿ ರೈಡರ್‌ಗಳು, ನಮ್ಮ ಮಾತಿನಲ್ಲಿ ಬೇಲಿ ಗಸ್ತಿನವರು. ಒಬ್ಬೊಬ್ಬನ ಪಾಲಿಗೆ ಸುಮಾರು ನೂರು ಮೈಲಿ. ಮೊದಲು ಸೈಕಲ್ ಕೊಟ್ಟು ನೋಡಿದರು, ಮರಳಿನಲ್ಲಿ ಸೈಕಲ್ಲನ್ನೇ ಹೊತ್ತು ನಡೆಯಬೇಕಾಯಿತು. 1910ರಲ್ಲಿ ಕಾರು ತಂದರು, ಕಡಿದ ಪೊದೆಯ ಕೂಳೆ ಚುಚ್ಚಿ ಟೈರು ಪಂಕ್ಚರ್. ಕಡೆಗೆ ಎರಡು ಒಂಟೆ ಕಟ್ಟಿದ ಗಾಡಿಯೇ ಗಟ್ಟಿ ಎನಿಸಿತು. ಮಳೆ ಬಂದರೆ ಹಳ್ಳ ಬೇಲಿಯನ್ನೇ ಕೊಚ್ಚಿಕೊಂಡು ಹೋಗುತ್ತಿತ್ತು. ಗಾಳಿ ಬೀಸಿದರೆ ಮರಳು ಬಲೆಗೊರಗಿ ದಿಬ್ಬವಾಗಿ, ಮೊಲಕ್ಕೆ ಮೆಟ್ಟಿಲು ಕಟ್ಟಿಕೊಟ್ಟ ಹಾಗೆ. ಕಾಂಗರೂ, ಎಮು ಹಾಯ್ದರೆ ಬಲೆ ಹರಿಯುತ್ತದೆ. ದಾರಿಹೋಕರು ಗೇಟು ತೆಗೆದವರು ಮುಚ್ಚದೆ ಹೋಗುತ್ತಾರೆ. ನೂರು ಮೈಲಿಯಲ್ಲಿ ಒಂದು ಅಂಗೈಯಗಲದ ತೂತು ಸಾಕು. 1920ರ ದಶಕಕ್ಕೆ ಬೇಲಿಯೊಳಗಿನ ಗೋಧಿ ಸೀಮೆಯಲ್ಲೂ ಮೊಲ ಮನೆ ಮಾಡಿತ್ತು.

ಈ ಗಸ್ತಿನವರಲ್ಲಿ ಒಬ್ಬ ಕಾದಂಬರಿಕಾರ. ಇಂಗ್ಲೆಂಡಿನಿಂದ ಬಂದ ಆರ್ಥರ್ ಅಪ್‌ಫೀಲ್ಡ್ 1920ರ ದಶಕದ ಕೊನೆಗೆ ಒಂದನೇ ಬೇಲಿಯ ಕೆಲಸದಲ್ಲಿದ್ದ. ಮರ್ಚಿಸನ್ ಸೀಮೆಯಲ್ಲಿ ಗಸ್ತಿಗೆ ಬೇಕಾದ ಒಂಟೆಗಳನ್ನು ಸಾಕುವ ಸರ್ಕಾರಿ ಕ್ಯಾಮಲ್ ಸ್ಟೇಷನ್ ಅವನ ವಾಸ. ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದವನಿಗೆ ಒಂದು ತೊಡಕು: ಕೊಲೆಯಾದವನ ಹೆಣ ಪೂರ್ತಿ ಮಾಯವಾಗಬೇಕು, ಆದರೆ ಹೇಗೆ? ಅಲ್ಲಿದ್ದ ಗೆಳೆಯನೊಬ್ಬ ದಾರಿ ಹೇಳಿದ. ಹೆಣವನ್ನು ಪ್ರಾಣಿಯ ಕಳೇಬರದ ಜೊತೆ ಸುಡು, ಬೂದಿಯನ್ನು ಜರಡಿ ಹಿಡಿದು ಲೋಹದ ಚೂರುಗಳನ್ನು ಆರಿಸು, ಅವನ್ನು ಆಮ್ಲದಲ್ಲಿ ಕರಗಿಸು, ಮೂಳೆಯನ್ನು ಪುಡಿಮಾಡು. ಉಪಾಯ ಎಷ್ಟು ಪಕ್ಕಾ ಎಂದರೆ ಕಥೆಯಲ್ಲಿ ಪತ್ತೇದಾರನಿಗೆ ಹಿಡಿಯಲು ಎಳೆಯೇ ಉಳಿಯುವುದಿಲ್ಲ. ಅಪ್‌ಫೀಲ್ಡ್‌ಗೆ ಈಗ ಅದೇ ಚಿಂತೆ, ಬೇಲಿಯುದ್ದಕ್ಕೂ ಸಿಕ್ಕಸಿಕ್ಕವರ ಹತ್ತಿರ ಕೇಳಿದ. ಕೇಳಿಸಿಕೊಂಡವರಲ್ಲಿ ಸ್ನೋಯಿ ರೋಲ್ಸ್ ಎಂಬ ದನಗಾಹಿಯೂ ಒಬ್ಬ. ಸ್ವಲ್ಪ ದಿನದಲ್ಲೇ ಆ ಸೀಮೆಯಲ್ಲಿ ಮೂವರು ಕಾಣೆಯಾದರು. ಮೂರನೆಯವನು ಲೂಯಿ ಕ್ಯಾರನ್. ಬೇಲಿಯ ಬಳಿಯ ಬೂದಿಯಲ್ಲಿ ಪೊಲೀಸರಿಗೆ ಒಂದು ಉಂಗುರ ಸಿಕ್ಕಿತು, ಅದರ ಬೆಸುಗೆಯ ಗುರುತಿನಿಂದ ನ್ಯೂಜಿಲೆಂಡಿನ ಒಡವೆ ಅಂಗಡಿಯವರು ಅದು ಕ್ಯಾರನ್‌ನದೆಂದು ಪತ್ತೆಹಚ್ಚಿದರು. ರೋಲ್ಸ್ ಜರಡಿ ಹಿಡಿಯುವುದರಲ್ಲಿ ಸೋಮಾರಿತನ ಮಾಡಿದ್ದ. ವಿಚಾರಣೆಯಲ್ಲಿ ಅಪ್‌ಫೀಲ್ಡ್ ಸಾಕ್ಷಿ ಹೇಳಬೇಕಾಯಿತು. ‘ದಿ ಸ್ಯಾಂಡ್ಸ್ ಆಫ್ ವಿಂಡೀ’ ಕಾದಂಬರಿ 1931ರಲ್ಲಿ ಬಂತು. ರೋಲ್ಸ್‌ಗೆ ಫ್ರೀಮ್ಯಾಂಟಲ್ ಜೈಲಿನಲ್ಲಿ ಗಲ್ಲಾದದ್ದು 1932ರಲ್ಲಿ. ಮೊಲ ತಡೆಯದ ಬೇಲಿಯಿಂದ ಆದ ಲಾಭ ನಷ್ಟದ ಪಟ್ಟಿಯಲ್ಲಿ ಇದನ್ನು ಎಲ್ಲಿ ಬರೆಯುವುದೋ ತಿಳಿಯದು.

ಅದೇ 1931ರಲ್ಲಿ ಬೇಲಿ ಇನ್ನೊಂದು ಕೆಲಸಕ್ಕೆ ಬಂತು. ಬೇಲಿ ಹಾದುಹೋದ ನೆಲ ಖಾಲಿ ಇರಲಿಲ್ಲ. ಅಲ್ಲಿ ಸಾವಿರಾರು ವರ್ಷದಿಂದ ಮೂಲನಿವಾಸಿಗಳಿದ್ದರು, ಗೆರೆ ಎಳೆಯುವಾಗ ಅವರನ್ನು ಕೇಳಿದವರಿಲ್ಲ. ಉತ್ತರದಲ್ಲಿ ಜಿಗಲಾಂಗ್ ಎಂಬಲ್ಲಿ ಬೇಲಿಯ ಡಿಪೋ ಇತ್ತು. ಮರುಭೂಮಿಯಿಂದ ಬಂದ ಮಾರ್ಡು ಜನ ಅದರ ಸುತ್ತ ಬೀಡುಬಿಟ್ಟಿದ್ದರು, ಡಿಪೋದಲ್ಲಿ ಅವರಿಗೆ ರೇಷನ್ ಕೊಡುತ್ತಿದ್ದರು. ಬೇಲಿಯ ಕೆಲಸಕ್ಕೆ ಬಂದ ಬಿಳಿಯರಿಂದ ಮಾರ್ಡು ಹೆಂಗಸರಿಗೆ ಹುಟ್ಟಿದ ಮಕ್ಕಳೂ ಇದ್ದರು. ಹಾಗೆ ಹುಟ್ಟಿದವಳು ಮಾಲಿ, ಅವಳಪ್ಪ ಬೇಲಿಯ ಇನ್‌ಸ್ಪೆಕ್ಟರ್. ಮಿಶ್ರ ಸಂತಾನದ ಮಕ್ಕಳನ್ನು ತಾಯಂದಿರಿಂದ ಕಿತ್ತು ಬಿಳಿಯರ ಮನೆಗೆಲಸಕ್ಕೆ ತಯಾರು ಮಾಡುವುದು ಆಗಿನ ಸರ್ಕಾರದ ನೀತಿ. ಅದನ್ನು ನಡೆಸುತ್ತಿದ್ದವನು ಮೂಲನಿವಾಸಿಗಳ ‘ಮುಖ್ಯ ರಕ್ಷಕ’ ಎ. ಓ. ನೆವಿಲ್. ಹದಿನಾಲ್ಕರ ಆಸುಪಾಸಿನ ಮಾಲಿ, ಅವಳಿಗಿಂತ ಚಿಕ್ಕವರಾದ ಡೈಸಿ ಮತ್ತು ಗ್ರೇಸಿ, ಮೂವರನ್ನೂ ಹಿಡಿದು ಪರ್ತ್ ನಗರದ ಉತ್ತರಕ್ಕಿರುವ ಮೂರ್ ರಿವರ್ ಶಿಬಿರಕ್ಕೆ ಸಾಗಿಸಿದರು.

ಸೇರಿದ ಮರುದಿನವೋ ಏನೋ ಮೂವರೂ ಅಲ್ಲಿಂದ ಹೊರಟುಬಿಟ್ಟರು. ಕೈಯಲ್ಲಿ ನಕ್ಷೆಯಿಲ್ಲ. ಮಾಲಿಗೆ ಗೊತ್ತಿದ್ದದ್ದು ಒಂದೇ: ಬೇಲಿ ತನ್ನ ಮನೆಯ ಮುಂದೆ ಹಾಯುತ್ತದೆ, ಆದ್ದರಿಂದ ಬೇಲಿ ಸಿಕ್ಕರೆ ಮನೆ ಸಿಕ್ಕಿದಂತೆ. ಪೂರ್ವಕ್ಕೆ ನಡೆದು ಬೇಲಿ ಹುಡುಕಿ, ಅದರ ಪಕ್ಕದಲ್ಲೇ ಉತ್ತರಕ್ಕೆ ಹೆಜ್ಜೆ ಹಾಕಿದರು. ಕಾಲು ಸೋತ ಪುಟ್ಟ ಡೈಸಿಯನ್ನು ಸರದಿಯಂತೆ ಹೊತ್ತರು. ಮೊಲ ಹಿಡಿದು ಸುಟ್ಟು ತಿಂದರು. ಹಳ್ಳಿಮನೆಗಳಲ್ಲಿ ಕೇಳಿದರೆ ಕೆಲವರು ಊಟ ಕೊಟ್ಟರು, ಕೊಟ್ಟವರೇ ಪೊಲೀಸಿಗೂ ತಿಳಿಸಿದರು. ಸುಮಾರು 1,600 ಕಿಲೋಮೀಟರ್, ಒಂಬತ್ತು ವಾರ. ವಿಲೂನಾಕ್ಕೆ ಹೋದರೆ ಅಮ್ಮ ಸಿಗುತ್ತಾಳೆಂಬ ಮಾತು ನಂಬಿ ಗ್ರೇಸಿ ಮಧ್ಯೆ ದಾರಿ ಬದಲಿಸಿದಳು, ಸಿಕ್ಕಿಬಿದ್ದಳು. ಮಾಲಿ, ಡೈಸಿ ಜಿಗಲಾಂಗ್ ಸೇರಿದರು. ಮಾಲಿಯನ್ನು ದೊಡ್ಡವಳಾಗಿ ಎರಡು ಮಕ್ಕಳ ತಾಯಾದ ಮೇಲೆ ಮತ್ತೆ ಮೂರ್ ರಿವರ್‌ಗೆ ಒಯ್ದರು. 1941ರಲ್ಲಿ ಅವಳು ಕೈಗೂಸು ಅನಬೆಲ್‌ಳನ್ನು ಎತ್ತಿಕೊಂಡು ಮತ್ತೊಮ್ಮೆ ಜಿಗಲಾಂಗಿಗೆ ಹೊರಟಳು, ನಾಲ್ಕು ವರ್ಷದ ಡೋರಿಸ್‌ಳನ್ನು ಶಿಬಿರದಲ್ಲೇ ಬಿಡಬೇಕಾಯಿತು. ಮುಂದೆ ಅನಬೆಲ್‌ಳನ್ನೂ ಸರ್ಕಾರ ಕಿತ್ತುಕೊಂಡಿತು. ಶಿಬಿರದಲ್ಲಿ ಉಳಿದ ಡೋರಿಸ್ ಪಿಲ್ಕಿಂಗ್ಟನ್ ಗರಿಮಾರಾ ದೊಡ್ಡವಳಾಗಿ ತಾಯಿಯ ನಡಿಗೆಯ ಕಥೆಯನ್ನು 1996ರಲ್ಲಿ ಪುಸ್ತಕವಾಗಿ ಬರೆದಳು. 2002ರಲ್ಲಿ ಅದು ಸಿನಿಮಾ ಆದ ಮೇಲೆ ಈ ಬೇಲಿಯ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು.

ಇದೇ ಬೇಲಿಯ ಸೀಮೆಯಲ್ಲಿ ನಡೆದ ‘ಎಮು ಯುದ್ಧ’ದ ಹಾಸ್ಯವನ್ನು ಹಲವರು ಕೇಳಿರಬಹುದು. 1932ರ ಬರದಲ್ಲಿ ಸುಮಾರು 20,000 ಎಮುಗಳು ಕ್ಯಾಂಪಿಯನ್ ಸುತ್ತಿನ ಗೋಧಿ ಹೊಲಗಳಿಗೆ ನುಗ್ಗಿ, ಬೇಲಿಯನ್ನೂ ಕೆಡವಿ ಮೊಲಕ್ಕೆ ದಾರಿ ಮಾಡಿಕೊಟ್ಟವು. ಮೇಜರ್ ಮೆರಿಡಿತ್ ಎರಡು ಲೂಯಿಸ್ ಮೆಷಿನ್‌ಗನ್, 10,000 ಗುಂಡು ಹಿಡಿದು ಬಂದು ಸಾವಿರದಷ್ಟನ್ನೂ ಕೊಲ್ಲಲಾರದೆ ವಾಪಸಾದ. ನಗುವವರು ಮರೆಯುವುದೇನೆಂದರೆ, ಆ ರೈತರಲ್ಲಿ ಬಹಳ ಮಂದಿ ಮೊದಲ ಮಹಾಯುದ್ಧದಿಂದ ಬಂದ ಸೈನಿಕರು. ಸರ್ಕಾರವೇ ಆ ಬಡ ನೆಲ ಕೊಟ್ಟು ಗೋಧಿ ಬಿತ್ತಿ ಎಂದಿತ್ತು, ಗೋಧಿಯ ಬೆಲೆ ಆಗ ನೆಲಕಚ್ಚಿತ್ತು.

ಮೊಲಕ್ಕೆ ನಿಜವಾದ ಪೆಟ್ಟು ಬಿದ್ದದ್ದು 1950ರಲ್ಲಿ. ದಕ್ಷಿಣ ಅಮೆರಿಕದ ಮಿಕ್ಸೊಮಾ ವೈರಸ್ಸನ್ನು ತರೋಣ ಎಂದು ಮೆಲ್ಬರ್ನಿನ ವೈದ್ಯೆ ಜೀನ್ ಮ್ಯಾಕ್ನಮಾರಾ 1930ರ ದಶಕದಿಂದಲೂ ಪಟ್ಟುಹಿಡಿದಿದ್ದಳು. ಮರ್ರೆ ನದಿಯ ಕಣಿವೆಯಲ್ಲಿ ಬಿಟ್ಟ ರೋಗ ಮೊದಮೊದಲು ಹಿಡಿಯಲೇ ಇಲ್ಲ. ಆ ಬೇಸಿಗೆಯ ಮಳೆಗೆ ಸೊಳ್ಳೆ ಹೆಚ್ಚಿತು, ಸೊಳ್ಳೆಯ ಜೊತೆ ರೋಗ ನದಿಗುಂಟ ಓಡಿತು. ಅದೇ ಹೊತ್ತಿಗೆ ಅಲ್ಲಿ ಮನುಷ್ಯರಿಗೂ ಮಿದುಳು ಜ್ವರ ಬಂದು ಜನ ಗಾಬರಿಯಾದಾಗ ಫ್ರಾಂಕ್ ಫೆನ್ನರ್, ಮ್ಯಾಕ್‌ಫರ್ಲೇನ್ ಬರ್ನೆಟ್, ಇಯಾನ್ ಕ್ಲೂನೀಸ್ ರಾಸ್ ಮೂವರೂ ಆ ವೈರಸ್ಸನ್ನು ತಮ್ಮ ಮೈಗೇ ಚುಚ್ಚಿಕೊಂಡು ತೋರಿಸಿದರು. ನೂರಕ್ಕೆ ತೊಂಬತ್ತೊಂಬತ್ತು ಮೊಲ ಸಾಯುತ್ತಿದ್ದ ರೋಗ ಕೆಲವೇ ವರ್ಷದಲ್ಲಿ ಮೆತ್ತಗಾಯಿತು, ಮೊಲವೂ ಗಟ್ಟಿಯಾಯಿತು. 1995ರಲ್ಲಿ ವಾರ್ಡಂಗ್ ದ್ವೀಪದ ಪ್ರಯೋಗದಿಂದ ತಪ್ಪಿಸಿಕೊಂಡ ಮತ್ತೊಂದು ವೈರಸ್ ಎರಡನೆಯ ಪೆಟ್ಟು ಕೊಟ್ಟಿತು.

ಹಾಗೆಂದು ಬೇಲಿಯೇ ದಡ್ಡ ವಿಚಾರ ಎಂದು ತೀರ್ಮಾನಿಸಿದರೆ ಅನ್ಯಾಯವಾದೀತು. ಕ್ವೀನ್ಸ್‌ಲೆಂಡಿನಲ್ಲಿ 1893ರಿಂದ ಕಟ್ಟಿದ ಬೇಲಿಯ ಒಂದು ಭಾಗ, ಸುಮಾರು 555 ಕಿಲೋಮೀಟರ್, ಡಾರ್ಲಿಂಗ್ ಡೌನ್ಸ್–ಮೋರ್ಟನ್ ಮೊಲ ಮಂಡಳಿಯ ಕೈಯಲ್ಲಿ ಇವತ್ತಿಗೂ ಇದೆ. ಮಂಡಳಿಯವರು ಬೇಲಿಯನ್ನಷ್ಟೇ ನಂಬಲಿಲ್ಲ. ಒಳಗೆ ಸಿಕ್ಕ ಬಿಲಗಳನ್ನು ಹುಡುಕಿ ಹುಡುಕಿ ಅಗೆದು ಹಾಕಿದರು. ಆ ರಾಜ್ಯದಲ್ಲಿ ಮೊಲವನ್ನು ಮುದ್ದಿಗೆಂದು ಸಾಕಿದರೂ ದೊಡ್ಡ ದಂಡ.

ಪಶ್ಚಿಮದ ಬೇಲಿಗೆ ಈಗ ‘ರಾಜ್ಯ ತಡೆಬೇಲಿ’ ಎಂಬ ಹೆಸರು. ಹಳೆಯ ಮೂರರಲ್ಲಿ ಕೆಲವು ತುಂಡುಗಳನ್ನು ಕೈಬಿಟ್ಟು, ಕೆಲವನ್ನು ಹೊಸದಾಗಿ ಜೋಡಿಸಿ ಸುಮಾರು 1,200 ಕಿಲೋಮೀಟರ್ ಉಳಿಸಿಕೊಂಡಿದ್ದಾರೆ. ಅನೇಕ ಕಡೆ ಅದರ ಪಶ್ಚಿಮಕ್ಕೆ ಕಾಡು ಕಡಿದ ಗೋಧಿ ಹೊಲ, ಪೂರ್ವಕ್ಕೆ ಮುಟ್ಟದೆ ಬಿಟ್ಟ ಕುರುಚಲು ಕಾಡು, ನಡುವೆ ಬೇಲಿ. ಉಪಗ್ರಹದ ಚಿತ್ರದಲ್ಲೂ ಎರಡು ಬಣ್ಣ ಬೇರೆಬೇರೆ ಕಾಣುತ್ತವೆ. ಮೋಡ ಕಾಡಿನ ಮೇಲೆ ಕಟ್ಟುವಷ್ಟು ಹೊಲದ ಮೇಲೆ ಕಟ್ಟುವುದಿಲ್ಲ ಎಂಬುದನ್ನು ಗಮನಿಸಿ, 2005ರಿಂದ ಮೂರು ವರ್ಷ ಹವಾಮಾನ ವಿಜ್ಞಾನಿಗಳು ಬೇಲಿಯ ಎರಡೂ ಬದಿ ವಿಮಾನ ಹಾರಿಸಿ ಅಳತೆ ತೆಗೆದರು. ಬೇಲಿಯ ಮೇಲೆ ಹಣ ಹಾಕುವವರಿಗೆ ಅದು ಬೇಕಿಲ್ಲ. ಅವರಿಗೆ ಬೇಕಾದದ್ದು ಎಮು ಗೋಧಿಗೆ ನುಗ್ಗಬಾರದು, ಕಾಡುನಾಯಿ ಕುರಿಗೆ ಬಾಯಿ ಹಾಕಬಾರದು. ಎಸ್ಪೆರೆನ್ಸ್ ಕಡೆಗೆ ಬೇಲಿಯನ್ನು ಇನ್ನಷ್ಟು ಉದ್ದ ಮಾಡಲು ಹೊರಟದ್ದೂ ಅದಕ್ಕೇ. ಮೊಲ ಎರಡೂ ಕಡೆ ಇದೆ, ಅದನ್ನು ತಡೆಯುವ ಮಾತನ್ನು ಅಲ್ಲಿ ಯಾರೂ ಎತ್ತುವುದಿಲ್ಲ.